ಗೆಳೆಯರೊಳಗಣ ಪಂಥ: ಒಂದು ವಿಚಾರ

ಇಬ್ಬರು ಮಿತ್ರರು ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳವರಾಗಿ, 'ನನ್ನ ಮಾತು ನಿಜವಾದರೆ ನೀನು ಇಷ್ಟು ಕೊಡತಕ್ಕದ್ದು, ನಿನ್ನ ಮಾತು ನಿಜವಾದರೆ ನಾನು ಇಷ್ಟು ಕೊಡತಕ್ಕದ್ದು' ಎಂದು ಒಪ್ಪಂದ ಮಾಡಿಕೊಳ್ಳುವುದಕ್ಕೆ ಪಂಥವೆಂದು ಹೆಸರು. ಆ ಒಪ್ಪಂದದಲ್ಲಿ ಒಡ್ಡಿದ ವಸ್ತುವಿಗೆ ಪಣವೆನ್ನುತ್ತಾರೆ. ಶಾಲೆಯ ಅಂಗಳದಲ್ಲಿ, ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ, ಊರ ಅರಳಿಕಟ್ಟೆಯ ಮೇಲೆ ಇಂತಹ ಪಂಥಗಳು ನಡೆಯುತ್ತಲೇ ಇರುತ್ತವೆ. 'ಬಾಜಿ ಕಟ್ಟುತ್ತೀಯಾ?' ಎಂಬ ಒಂದು ಮಾತಿನಿಂದ ಆರಂಭವಾದದ್ದು ನಗುವಿನಲ್ಲಿ ಮುಗಿಯಬಹುದು, ಹಗೆಯಲ್ಲಿ ಮುಗಿಯಬಹುದು. ಕೆಲವೊಮ್ಮೆ ಪ್ರಾಣಹಾನಿಯಲ್ಲಿಯೂ ಮುಗಿದದ್ದುಂಟು.

ಸಪ್ತವ್ಯಸನಗಳಲ್ಲಿ ದ್ಯೂತವು ಮೊದಲನೆಯದೆಂಬುದನ್ನು ವಾಚಕರು ಬಲ್ಲರು. ಜೂಜಿನ ಕಟ್ಟೆಯನ್ನು ಹತ್ತಬಾರದೆಂದು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಹಣದಾಸೆಯಿಲ್ಲದೆ ಕೇವಲ ವಿನೋದಕ್ಕಾಗಿ ಗೆಳೆಯರು ಹೂಡುವ ಪಂಥವೂ ದ್ಯೂತದ ಕುಲಕ್ಕೆ ಸೇರಿದ್ದೇ? ಒಂದು ಪುಸ್ತಕವನ್ನೋ ಒಂದು ತೆಂಗಿನಕಾಯಿಯನ್ನೋ ಪಣವಾಗಿಟ್ಟರೆ ಕೆಡುವುದೇನು? ನಮ್ಮ ಮಕ್ಕಳು ಕೇಳುವ ಈ ಪ್ರಶ್ನೆಗೆ 'ಕೂಡದು' ಎಂಬ ಒಂದೇ ಮಾತಿನ ಉತ್ತರ ಸಾಲದು. ಕಾರಣವನ್ನು ತಿಳಿದವನು ಮಾತ್ರ ನಿಯಮವನ್ನು ಉಳಿಸಿಕೊಳ್ಳುತ್ತಾನೆ. ಆದುದರಿಂದ ಈ ವಿಷಯವನ್ನು ಕೆಲವು ನಿಜವಾದ ಪಂಥಗಳ ಮೂಲಕ ವಿಚಾರಿಸೋಣ.

ಶಾಸ್ತ್ರವು ಕೊಟ್ಟ ಅಳತೆಗೋಲು

ಪಂಡಿತ ಆಶಾಧರರು 13ನೆಯ ಶತಮಾನದವರು. ಮಾಲವ ದೇಶದಲ್ಲಿದ್ದು ಶ್ರಾವಕಾಚಾರವನ್ನು ಕುರಿತು 'ಸಾಗಾರಧರ್ಮಾಮೃತ'ವೆಂಬ ಗ್ರಂಥವನ್ನು ರಚಿಸಿದ ಮಹನೀಯರು. ದ್ಯೂತವನ್ನು ತ್ಯಜಿಸಿದವನಿಗೆ ಒದಗುವ ದೋಷಗಳನ್ನು ಹೇಳುವಲ್ಲಿ ಅವರು ಪಂಥವನ್ನು ಮರೆತಿಲ್ಲ. ಮನೋವಿನೋದಕ್ಕಾಗಿ ಹೂಡಿದ ಪಂಥವೂ ಅಂತಹವನಿಗೆ ದೋಷವೇ ಸರಿ ಎಂಬುದು ಅವರ ನಿರ್ಣಯ.

ಈ ನಿರ್ಣಯಕ್ಕೆ ಅವರು ಕೊಡುವ ಕಾರಣವು ಮನನ ಮಾಡತಕ್ಕದ್ದು. ಹಣ ಹೋಗುತ್ತದೆ, ಮನೆ ಹಾಳಾಗುತ್ತದೆ ಎಂದು ಅವರು ಅಲ್ಲಿ ಹೇಳುವುದಿಲ್ಲ. ಪಂಥವು ಹರ್ಷಕ್ಕೂ ಅಮರ್ಷಕ್ಕೂ ಹುಟ್ಟುನೆಲೆಯಾಗುತ್ತದೆ, ಕಷಾಯವೇ ಪಾಪಕ್ಕೆ ನೇರವಾದ ಕಾರಣ ಎಂದು ಹೇಳುತ್ತಾರೆ. ಹರ್ಷವೆಂದರೆ ಇಲ್ಲಿ ಮತ್ತೊಬ್ಬನ ಸೋಲಿನಿಂದ ಉಬ್ಬುವ ಸಂತೋಷ. ಅಮರ್ಷವೆಂದರೆ ಸೋತವನ ಎದೆಯಲ್ಲಿ ಉಳಿಯುವ, ಸಹಿಸಲಾಗದ ಸಿಟ್ಟು. ಪಣವು ಕವಡೆಯಾಗಿರಲಿ, ರಾಜ್ಯವಾಗಿರಲಿ, ಈ ಎರಡು ಭಾವಗಳು ಮೂಡಿದವೆಂದರೆ ಕೇಡು ಆದಂತೆಯೇ.

ಹೀಗಾಗಿ ವ್ರತಿಗೆ ಇದು ವಿಧಿ. ವ್ರತವನ್ನಿನ್ನೂ ಕೈಕೊಳ್ಳದ ವಿದ್ಯಾರ್ಥಿಗೆ ಇದೊಂದು ಅಳತೆಗೋಲು. ಪಣದ ಬೆಲೆಯನ್ನು ಲೆಕ್ಕಿಸದೆ, ಫಲವು ಗೊತ್ತಾದ ಗಳಿಗೆಯಲ್ಲಿ ಇಬ್ಬರ ಮನಸ್ಸುಗಳೂ ಹೇಗಿದ್ದವೆಂಬುದನ್ನು ನೋಡಬೇಕು. ಇದೇ ಅಳತೆಗೋಲನ್ನು ಹಿಡಿದು ಈಚಿನ ಕಾಲದ ವಿದ್ವಾಂಸರ ಕೆಲವು ಪಂಥಗಳನ್ನು ಪರೀಕ್ಷಿಸೋಣ. ಅವರು ಯಾರೂ ಜೂಜುಗಾರರಲ್ಲ. ಅವರಿಗೆ ಹಣದ ಅಗತ್ಯವೂ ಇರಲಿಲ್ಲ. ಆದುದರಿಂದಲೇ ಅವರ ಉದಾಹರಣೆಯಲ್ಲಿ ಮನಸ್ಸಿನ ವ್ಯಾಪಾರವು ಸ್ಪಷ್ಟವಾಗಿ ಕಾಣುತ್ತದೆ.

ಗೆದ್ದವನು ಬಿಟ್ಟುಕೊಟ್ಟ ಪಣ

1918ರ ಫೆಬ್ರವರಿ 9ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಇಬ್ಬರು ಗಣಿತಜ್ಞರು ಸಾಕ್ಷಿಗಳ ಸಮಕ್ಷಮದಲ್ಲಿ ಒಂದು ಪಂಥವನ್ನು ಬರೆದಿಟ್ಟರು. ಒಬ್ಬರು ಹರ್ಮನ್ ವೈಲ್, ಇನ್ನೊಬ್ಬರು ಜಾರ್ಜ್ ಪೋಲ್ಯ. ಇಬ್ಬರೂ ಮಿತ್ರರು, ಅದೇ ಊರಿನಲ್ಲಿ ಅಧ್ಯಾಪಕರು. ಸಂಖ್ಯೆಗಳನ್ನು ಕುರಿತು ಎಲ್ಲರೂ ನಿಸ್ಸಂಶಯವಾಗಿ ಬಳಸುತ್ತಿದ್ದ ಕೆಲವು ಮೂಲಪ್ರಮೇಯಗಳು ವಾಸ್ತವವಾಗಿ ಅಸ್ಪಷ್ಟವಾದವು, ಇನ್ನು 20 ವರ್ಷಗಳೊಳಗೆ ಗಣಿತಲೋಕವು ಇದನ್ನು ಒಪ್ಪುತ್ತದೆ ಎಂಬುದು ವೈಲರ ವಾದ. ಹಾಗಾಗದು ಎಂಬುದು ಪೋಲ್ಯರ ವಾದ. ಅವಧಿ 1937ರ ಅಂತ್ಯಕ್ಕೆ ಮುಗಿಯತಕ್ಕದ್ದು. ಪಣವು ಹಣವಲ್ಲ: ಸೋತವನು ಪಂಥದ ಪೂರ್ಣಪಾಠವನ್ನೂ ತನ್ನ ಸೋಲನ್ನೂ ಜರ್ಮನ್ ಗಣಿತಜ್ಞರ ಸಂಘದ ವಾರ್ಷಿಕ ಪತ್ರಿಕೆಯಲ್ಲಿ ಸ್ವಂತ ಖರ್ಚಿನಿಂದ ಪ್ರಕಟಿಸಬೇಕು.

ಎರಡು ದಶಕಗಳು ಕಳೆದವು. ಯುರೋಪಿನಲ್ಲಿ ಏನೇನೋ ಆಗಿ ಇಬ್ಬರೂ ಅಮೆರಿಕವನ್ನು ಸೇರಿದ್ದರು. 1940ರ ಕೊನೆಯ ಹೊತ್ತಿಗೆ ಪಂಥದ ಮಾತು ಅವರೊಳಗೆ ಮತ್ತೆ ಬಂದಿತು. ಪೋಲ್ಯರು ವಿಚಾರಿಸಿದ ಗಣಿತಜ್ಞರಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ ಪೋಲ್ಯರೇ ಗೆದ್ದರೆಂದು ಹೇಳಿದ್ದರು. ವೈಲರು ತಾವು ನೂರಕ್ಕೆ 49ರಷ್ಟು ಸರಿ, ಪೋಲ್ಯರು 51ರಷ್ಟು ಸರಿ ಎಂದು ಒಪ್ಪಿಕೊಂಡು, ಪ್ರಕಟಣೆಯ ಕರಾರನ್ನು ಮಾತ್ರ ಬಿಟ್ಟುಬಿಡಬೇಕೆಂದು ಕೇಳಿದರು. ಪೋಲ್ಯರು ಸಂತೋಷದಿಂದ ಬಿಟ್ಟುಕೊಟ್ಟರು.

49 ಮತ್ತು 51 ಎಂಬ ಅಂಕೆಗಳನ್ನು ನೋಡಿರಿ. ಸೋಲನ್ನು ಒಪ್ಪುವಾಗಲೂ ಮನುಷ್ಯನಿಗೆ ಎರಡು ಅಂಶಗಳಿಗಿಂತ ಹೆಚ್ಚು ಕೆಳಗಿಳಿಯಲು ಮನಸ್ಸಾಗುವುದಿಲ್ಲ. ಇದು ಮಾನಕಷಾಯದ ಸೂಕ್ಷ್ಮರೂಪ. ಪೋಲ್ಯರು ಆ ಎರಡು ಅಂಶಗಳನ್ನು ಹೆಚ್ಚಿಸಲು ಹೋಗಲಿಲ್ಲ. ಮಿತ್ರನ ಸೋಲನ್ನು ಅಚ್ಚು ಹಾಕಿಸಿ ನೋಡುವ ಹಕ್ಕು ಅವರಿಗಿತ್ತು. ಹಕ್ಕನ್ನು ಬಿಟ್ಟರು, ಮಿತ್ರನನ್ನು ಉಳಿಸಿಕೊಂಡರು. ಇಲ್ಲಿ ಹರ್ಷವು ಬೆಳೆಯುವ ಮೊದಲೇ ಶಮನವಾಯಿತು.

ತನ್ನ ಆಸೆಗೆ ವಿರುದ್ಧವಾಗಿ ಒಡ್ಡಿದ ಪಣ

ಎರಡನೆಯ ಉದಾಹರಣೆ ಭೌತವಿಜ್ಞಾನಿಗಳದು. ಇಂಗ್ಲೆಂಡಿನ ಸ್ಟೀಫನ್ ಹಾಕಿಂಗ್ ಮತ್ತು ಅಮೆರಿಕದ ಕಿಪ್ ಥಾರ್ನ್ ಆಪ್ತಮಿತ್ರರು. ಆಕಾಶದ ಹಂಸ ನಕ್ಷತ್ರಪುಂಜದಲ್ಲಿ 'ಸಿಗ್ನಸ್ ಎಕ್ಸ್-1' ಎಂಬ ಕ್ಷಕಿರಣಗಳ ಆಕರವೊಂದಿದೆ. ಅದು ಕಪ್ಪುಕುಳಿಯೇ ಅಲ್ಲವೇ ಎಂಬುದನ್ನು ಕುರಿತು 1974ರ ಡಿಸೆಂಬರ್‌ನಲ್ಲಿ ಅವರು ಪಂಥದ ಕಾಗದಕ್ಕೆ ಸಹಿ ಹಾಕಿದರು. ಕಪ್ಪುಕುಳಿಯಲ್ಲವೆಂದು ಹಾಕಿಂಗರು, ಹೌದೆಂದು ಥಾರ್ನರು.

ವಿಚಿತ್ರವೆಂದರೆ ಹಾಕಿಂಗರು ಆವರೆಗೆ ತಮ್ಮ ಬುದ್ಧಿಶಕ್ತಿಯನ್ನೆಲ್ಲ ವೆಚ್ಚ ಮಾಡಿದ್ದು ಕಪ್ಪುಕುಳಿಗಳ ಅಧ್ಯಯನಕ್ಕೇ. ಕಪ್ಪುಕುಳಿಗಳು ಇಲ್ಲವೆಂದಾದರೆ ಅವರ ಶ್ರಮವೆಲ್ಲ ವ್ಯರ್ಥ. ಹಾಗಾದಲ್ಲಿ ಪಂಥದಲ್ಲಿ ಗೆದ್ದೆನೆಂಬ ಸಮಾಧಾನವಾದರೂ ಉಳಿಯಲಿ ಎಂದು ತಮ್ಮ ಆಸೆಗೆ ವಿರುದ್ಧವಾದ ಪಕ್ಷವನ್ನೇ ಅವರು ಹಿಡಿದರು. ಇದನ್ನು ತಾವು ಮಾಡಿಸಿದ ವಿಮೆಯೆಂದು ಅವರು ಕರೆದಿದ್ದಾರೆ. ಹಾಕಿಂಗರು ಗೆದ್ದರೆ ನಾಲ್ಕು ವರ್ಷಗಳ ಕಾಲ ಒಂದು ವಿನೋದಪತ್ರಿಕೆ, ಥಾರ್ನರು ಗೆದ್ದರೆ ಒಂದು ವರ್ಷ ಕಾಲ ಮತ್ತೊಂದು ಪತ್ರಿಕೆ, ಇಷ್ಟೇ ಪಣ.

ವರ್ಷಗಳು ಉರುಳಿದಂತೆ ಸಾಕ್ಷ್ಯಗಳು ಬಲವಾದವು. 1990ರಲ್ಲಿ ಥಾರ್ನರು ಮಾಸ್ಕೋದಲ್ಲಿದ್ದಾಗ ಹಾಕಿಂಗರು ಸಂಗಡಿಗರೊಡನೆ ಕ್ಯಾಲಿಫೋರ್ನಿಯದಲ್ಲಿದ್ದ ಅವರ ಕೊಠಡಿಯನ್ನು ಹೊಕ್ಕು, ಪಂಥದ ಕಾಗದವನ್ನು ಹುಡುಕಿ ತೆಗೆಸಿ, ತಮ್ಮ ಸೋಲನ್ನು ಒಪ್ಪಿ ಹೆಬ್ಬೆಟ್ಟಿನ ಗುರುತನ್ನೊತ್ತಿ ಬಂದರು. ಸೋತವನೇ ಗೆದ್ದವನ ಬಾಗಿಲಿಗೆ ಹೋಗಿ, ಕೇಳುವ ಮೊದಲೇ ಸೋಲನ್ನು ಬರೆದುಕೊಟ್ಟ ಪ್ರಸಂಗವಿದು. ಅಮರ್ಷಕ್ಕೆ ಇಲ್ಲಿ ಎಡೆಯೇ ಇರಲಿಲ್ಲ.

1997ರಲ್ಲಿ ಈ ಇಬ್ಬರೂ ಒಂದು ಪಕ್ಷವಾಗಿ ಜಾನ್ ಪ್ರೆಸ್ಕಿಲ್ ಎಂಬ ಮತ್ತೊಬ್ಬ ವಿಜ್ಞಾನಿಯೊಡನೆ ಪಂಥ ಹೂಡಿದರು. ಕಪ್ಪುಕುಳಿಯೊಳಗೆ ಬಿದ್ದ ವಸ್ತುವಿನ ವಿವರಗಳು ಶಾಶ್ವತವಾಗಿ ನಾಶವಾಗುತ್ತವೆಯೇ ಎಂಬುದು ವಿವಾದ. ಗೆದ್ದವನು ಬಯಸಿದ ಒಂದು ವಿಶ್ವಕೋಶವು ಪಣ. 2004ರ ಜುಲೈನಲ್ಲಿ ಡಬ್ಲಿನ್ ನಗರದ ವಿದ್ವತ್ಸಭೆಯಲ್ಲಿ ಹಾಕಿಂಗರು ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡೆನೆಂದು ಸಾರಿ, ಪ್ರೆಸ್ಕಿಲರಿಗೆ ಬೇಸ್‌ಬಾಲ್ ಆಟದ ವಿಶ್ವಕೋಶವೊಂದನ್ನು ಕೊಟ್ಟರು. ಥಾರ್ನರು ಆಗ ಸೋಲನ್ನೊಪ್ಪಲಿಲ್ಲ. ಅವರಿಗೆ ಆ ಸಮಾಧಾನವು ಸಾಕೆನಿಸಿರಲಿಲ್ಲ. ಹಾಗೆಂದು ಮೂವರ ಮೈತ್ರಿಗೆ ಕುಂದಾಗಲಿಲ್ಲ. ಒಬ್ಬನು ಒಪ್ಪಿದನೆಂದು ಮತ್ತೊಬ್ಬನೂ ಒಪ್ಪಲೇಬೇಕೆಂಬ ಹಟ ಅಲ್ಲಿರಲಿಲ್ಲ.

ಆದರೂ ಈ ಪಂಥಗಳು ನಿರ್ದೋಷವೆಂದು ಹೇಳಲಾಗದು. ಮೊದಲನೆಯ ಪಂಥದಲ್ಲಿ ಥಾರ್ನರಿಗೆ ಸಂದ ಪತ್ರಿಕೆಯು ಸಭ್ಯಗೃಹಗಳಿಗೆ ಸಲ್ಲುವಂಥದಾಗಿರಲಿಲ್ಲ. ಅದು ಥಾರ್ನರ ಪತ್ನಿಯ ಕೋಪಕ್ಕೆ ಕಾರಣವಾಯಿತೆಂದು ಹಾಕಿಂಗರೇ ಬರೆದಿದ್ದಾರೆ. ಪಂಥ ಹೂಡಿದ ಇಬ್ಬರೂ ನಕ್ಕರು. ಅಮರ್ಷವು ಪಂಥಕ್ಕೆ ಸೇರದ ಮೂರನೆಯವರಲ್ಲಿ ಮೂಡಿತು. ವಿನೋದದ ಲೆಕ್ಕ ಹಾಕುವಾಗ ನಾವು ಮನೆಯವರನ್ನು ಮರೆಯುತ್ತೇವೆ.

ಅಲ್ಪಪಣ, ಬಹುವೈರ

ಮೂರನೆಯ ಉದಾಹರಣೆ ಮಿತ್ರರದಲ್ಲ. ಹೋಲಿಕೆಗಾಗಿ ಅದನ್ನು ಇಲ್ಲಿ ತಂದಿದೆ. ಜನಸಂಖ್ಯೆಯು ಬೆಳೆದಂತೆ ಭೂಮಿಯ ಸಂಪತ್ತು ಬರಿದಾಗಿ ಲೋಕಕ್ಕೆ ಕ್ಷಾಮ ತಪ್ಪದೆಂದು ಜೀವವಿಜ್ಞಾನಿ ಪಾಲ್ ಎರ್ಲಿಕ್ ಹೇಳುತ್ತಿದ್ದರು. ಮನುಷ್ಯನ ಬುದ್ಧಿಯು ಹೊಸ ಮಾರ್ಗಗಳನ್ನು ಕಂಡುಕೊಳ್ಳುವುದೆಂದು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಪ್ರತಿಪಾದಿಸುತ್ತಿದ್ದರು. 1980ರಲ್ಲಿ ಇವರೊಳಗೆ ಪಂಥವಾಯಿತು. ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್ ಎಂಬ ಐದು ಲೋಹಗಳಿಗೆ ತಲಾ 200 ಡಾಲರಿನಂತೆ 1,000 ಡಾಲರುಗಳ ಲೆಕ್ಕ. ಹತ್ತು ವರ್ಷಗಳಲ್ಲಿ, ಹಣದುಬ್ಬರವನ್ನು ಕಳೆದು ನೋಡಿದಾಗ ಬೆಲೆ ಏರಿದ್ದರೆ ಏರಿದಷ್ಟನ್ನು ಸೈಮನ್ ಕೊಡಬೇಕು. ಇಳಿದಿದ್ದರೆ ಇಳಿದಷ್ಟನ್ನು ಎರ್ಲಿಕ್ ಮತ್ತು ಅವರ ಇಬ್ಬರು ಸಂಗಡಿಗರು ಕೊಡಬೇಕು.

1990ರಲ್ಲಿ ಐದೂ ಲೋಹಗಳ ಬೆಲೆ ಇಳಿದಿತ್ತು. ಸೈಮನ್ ಅವರ ವಿಳಾಸಕ್ಕೆ ಒಂದು ಲಕೋಟೆ ಬಂದಿತು. ಅದರಲ್ಲಿ ಬೆಲೆಗಳ ಪಟ್ಟಿ ಮತ್ತು 576 ಡಾಲರು 7 ಸೆಂಟುಗಳ ಚೆಕ್ಕು ಇದ್ದವು. ಒಂದು ಸಾಲಿನ ಪತ್ರವೂ ಇರಲಿಲ್ಲ. ಸೈಮನ್ ವಂದನೆಗಳೊಡನೆ ಉತ್ತರ ಬರೆದು, ಈ ಬಾರಿ 20,000 ಡಾಲರುಗಳವರೆಗೆ ಪಣವನ್ನೇರಿಸಿ ಮತ್ತೆ ಪಂಥ ಹೂಡೋಣವೆಂದು ಕರೆದರು. ಎರ್ಲಿಕ್ ಒಪ್ಪಲಿಲ್ಲ. ಇಬ್ಬರ ವೈಮನಸ್ಯವು ಕಡೆಯವರೆಗೂ ತೀರಲಿಲ್ಲ.

ಇಲ್ಲಿಯೂ ಪಣವು ಅಲ್ಪ, ಇಲ್ಲಿಯೂ ಸೋತವರು ಮಾತಿನಂತೆ ನಡೆದರು. ಆದರೆ ಮೌನವಾದ ಆ ಲಕೋಟೆಯಲ್ಲಿ ಅಮರ್ಷವಿದೆ. 1,000ದಿಂದ 20,000ಕ್ಕೆ ಹಾರಿದ ಆ ಕರೆಯಲ್ಲಿ ಹರ್ಷವಿದೆ. ದ್ಯೂತದ ಲಕ್ಷಣವೇ ಇದು: ಗೆದ್ದವನಿಗೆ ಗೆಲುವು ಸಾಲದು, ಸೋತವನಿಗೆ ಸೋಲು ಸಹಿಸದು, ಇಬ್ಬರಿಗೂ ಮುಂದಿನ ಆಟ ಬೇಕೆನಿಸುತ್ತದೆ. ಮಿತ್ರರೊಳಗೂ ಈ ಸೆಳೆತವಿಲ್ಲದಿಲ್ಲ. ಮಿದುಳಿನಲ್ಲಿ ಪ್ರಜ್ಞೆಯು ಹೇಗೆ ಉಂಟಾಗುತ್ತದೆಂಬುದು 25 ವರ್ಷಗಳೊಳಗೆ ತಿಳಿಯುವುದೆಂದು 1998ರಲ್ಲಿ ಕ್ರಿಸ್ಟಾಫ್ ಕಾಖ್ ಎಂಬ ವಿಜ್ಞಾನಿಯು ತತ್ತ್ವಶಾಸ್ತ್ರಜ್ಞರಾದ ಮಿತ್ರ ಡೇವಿಡ್ ಚಾಮರ್ಸ್ ಅವರೊಡನೆ ಪಂಥ ಹೂಡಿದರು. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಸೋಲನ್ನು ನಗುಮುಖದಿಂದ ಒಪ್ಪಿ ಪಣವನ್ನೂ ತೆತ್ತರು. ಒಡನೆಯೇ ಇನ್ನು 25 ವರ್ಷಗಳಿಗೆ ಮರುಪಂಥವನ್ನೂ ಹೂಡಿದರು. ಇದು ಸಜ್ಜನರ ವಿನೋದವೇ ಹೌದು. ಆದರೂ 'ಇನ್ನೊಂದು ಸಾರಿ' ಎಂಬ ಮಾತು ಎಷ್ಟು ಬೇಗ ನಾಲಿಗೆಗೆ ಬರುತ್ತದೆಂಬುದನ್ನು ಕಂಡರೆ, ಆಶಾಧರರು ವಿನೋದದ ಪಂಥವನ್ನೂ ಏಕೆ ಬಿಡಲಿಲ್ಲವೆಂಬುದು ತಿಳಿಯುತ್ತದೆ.

ಕಾನೂನು ಮತ್ತು ಮಾತು

ನಮ್ಮ ದೇಶದಲ್ಲಿ 1872ರ ಭಾರತೀಯ ಕರಾರು ಅಧಿನಿಯಮದ 30ನೆಯ ಪ್ರಕರಣದಂತೆ ಪಂಥದ ಒಪ್ಪಂದವು ಅಸಿಂಧು. ಪಂಥದಲ್ಲಿ ಗೆದ್ದ ಹಣವನ್ನು ಕೊಡಿಸೆಂದು ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ಆದುದರಿಂದ ಪಂಥಕ್ಕೆ ಕೊಟ್ಟ ಮಾತೊಂದೇ ಆಧಾರ. ಪಂಥ ಹೂಡುವವನು ತನ್ನ ಸತ್ಯವನ್ನೇ ಒತ್ತೆಯಿಡುತ್ತಾನೆ. ಸೋತು ಕೊಡದಿದ್ದರೆ ಅವನು ಕಳೆದುಕೊಳ್ಳುವುದು ಮಾತಿನ ಬೆಲೆಯನ್ನು. ಅದನ್ನು ಮರಳಿ ಗಳಿಸುವುದು ಕಷ್ಟ.

ಫಲವು ತನ್ನ ಕೈಯಲ್ಲಿರುವ ಪಂಥ

ಮೇಲೆ ಹೇಳಿದ ಪಂಥಗಳಲ್ಲಿ ಫಲವು ಯಾರ ಕೈಯಲ್ಲಿಯೂ ಇರಲಿಲ್ಲ. ನಕ್ಷತ್ರವು ಹಾಕಿಂಗರ ಮಾತನ್ನು ಕೇಳಿ ಬದಲಾಗುವುದಿಲ್ಲ. ಫಲವು ಪಂಥ ಹೂಡಿದವರ ಕೈಯಲ್ಲಿಯೇ ಇದ್ದರೆ ವಿಷಯವು ಬೇರೆಯಾಗುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಕದ್ರು ವಿನತೆಯರು ಉಚ್ಚೈಃಶ್ರವಸ್ಸಿನ ಬಾಲದ ಬಣ್ಣವನ್ನು ಕುರಿತು ಪಂಥ ಕಟ್ಟುತ್ತಾರೆ, ದಾಸ್ಯವೇ ಪಣ. ಬಿಳಿಯ ಬಾಲವು ಕಪ್ಪಾಗಿ ತೋರುವಂತೆ ಕದ್ರುವು ಸರ್ಪಗಳಿಂದ ಮಾಡಿಸುತ್ತಾಳೆ. ಅಕ್ಕತಂಗಿಯರ ಒಂದು ಸಂಜೆಯ ವಿನೋದವು ಎರಡು ಕುಲಗಳ ವೈರವಾಗುತ್ತದೆ. ಗೆಲ್ಲುವ ಆಸೆ ಮತ್ತು ಫಲವನ್ನು ತಿರುಗಿಸುವ ಶಕ್ತಿ ಒಬ್ಬನಲ್ಲಿಯೇ ಸೇರಿದರೆ ಮಾಯೆಯು ಬಾಗಿಲಲ್ಲಿಯೇ ಕಾದಿರುತ್ತದೆ.

ಇನ್ನು ಫಲವು ಪಂಥ ಹೂಡಿದವನ ದೇಹದಲ್ಲಿದ್ದರೆ ಅದು ಇನ್ನೂ ಭಯಂಕರ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಗರ ಪಂಚಮಿಯ ಹೊತ್ತಿಗೆ ನಿಂಬೆಹಣ್ಣನ್ನು ಇಷ್ಟು ಎಸೆತಗಳಲ್ಲಿ ಇಷ್ಟು ದೂರ ಮುಟ್ಟಿಸುವೆನೆಂದು ಗೆಳೆಯರು ಪಂಥ ಕಟ್ಟುವುದುಂಟು. ಅದರಲ್ಲಿ ತೋಳು ನೊಂದೀತು, ಅಷ್ಟೇ. ಆದರೆ ಇಷ್ಟು ತಿನ್ನುವೆ, ಇಷ್ಟು ಕುಡಿಯುವೆ, ತುಂಬಿದ ಕೆರೆಯನ್ನು ಈಜಿ ದಾಟುವೆ ಎಂಬ ಪಂಥಗಳಲ್ಲಿ 'ಸಾಕು' ಎಂದು ದೇಹವು ಕೂಗುತ್ತಿದ್ದರೂ 'ಸೋತೆ' ಎನ್ನಲು ನಾಲಿಗೆ ಏಳುವುದಿಲ್ಲ. ಸುತ್ತ ನಿಂತ ಗೆಳೆಯರು ಚಪ್ಪಾಳೆ ತಟ್ಟುತ್ತಿರುತ್ತಾರೆ. ಕೇವಲ ನೀರನ್ನೇ ಮಿತಿಮೀರಿ ಬೇಗಬೇಗನೆ ಕುಡಿದರೂ ರಕ್ತದ ಲವಣಾಂಶವು ತಗ್ಗಿ, ಮಿದುಳು ಊದಿಕೊಂಡು ಮರಣವುಂಟಾಗಬಹುದು.

2010ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಗೆಳೆಯರೆಲ್ಲ ಕೂಡಿದ್ದಾಗ ಒಂದು ಗೊಂಡೆಹುಳು ಹರಿದು ಬಂದಿತು. ಅದನ್ನು ತಿನ್ನಬಲ್ಲೆಯಾ ಎಂಬ ಮಾತು ಎದ್ದು ಒಬ್ಬ ಯುವಕನು ತಿಂದುಬಿಟ್ಟನು. ಹಣದ ಪಣವಿರಲಿಲ್ಲ, ಧೈರ್ಯವೇ ಪಣ. ಆ ಹುಳುವಿನಲ್ಲಿದ್ದ ಪರೋಪಜೀವಿಯೊಂದು ಅವನ ಮಿದುಳನ್ನು ಸೇರಿತು. ವರ್ಷಕ್ಕೂ ಮೀರಿ ಅವನು ಪ್ರಜ್ಞಾಹೀನನಾಗಿದ್ದನು. ಬಳಿಕ ಕೈಕಾಲುಗಳ ಸ್ವಾಧೀನವಿಲ್ಲದೆ ಬದುಕಿ 2018ರಲ್ಲಿ ತೀರಿಕೊಂಡನು. ಆ ಗೆಳೆಯರಲ್ಲಿ ಯಾರೂ ದುಷ್ಟರಲ್ಲ. 'ಬೇಡ, ಬಿಡು' ಎಂಬ ಎರಡು ಪದಗಳನ್ನು ಹೇಳಬೇಕಾದ ಗಳಿಗೆಯಲ್ಲಿ ಎಲ್ಲರೂ ನಗುತ್ತಿದ್ದರು, ಅಷ್ಟೇ. ಒಂದು ಅಲ್ಪಜೀವವೂ ಒಂದು ಮಾನವಜೀವವೂ ಆ ನಗುವಿಗೆ ಬಲಿಯಾದವು.

ಉಪವಾಸದ ಪಂಥ

ಈ ಪತ್ರಿಕೆಯ ವಾಚಕರು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದುಂಟು. ಪರ್ವದ ದಿನಗಳಲ್ಲಿ ಎಳೆಯರು ಒಬ್ಬರನ್ನೊಬ್ಬರು ನೋಡಿ, 'ನಾನು ಮೂರು ದಿನ, ನೀನು?' ಎಂದು ಉಪವಾಸವನ್ನೇ ಪಂಥವನ್ನಾಗಿ ಮಾಡಿಕೊಳ್ಳುವ ಸಂಭವವಿದೆ. ಇದನ್ನು ಭಕ್ತಿಯೆಂದು ಹಿರಿಯರು ಮೆಚ್ಚಬಾರದು. ಶಲ್ಯರಹಿತನೇ ವ್ರತಿಯೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಮಾಯೆ, ಮಿಥ್ಯೆ, ನಿದಾನಗಳೆಂಬ ಮೂರು ಶಲ್ಯಗಳಲ್ಲಿ ನಿದಾನವೆಂದರೆ ಫಲಾಪೇಕ್ಷೆ. ಗೆಳೆಯನನ್ನು ಮೀರಿಸುವ ಅಪೇಕ್ಷೆಯಿಂದ ಕೈಕೊಂಡ ಉಪವಾಸದಲ್ಲಿ ಆ ಮುಳ್ಳು ಮೊದಲ ದಿನವೇ ಚುಚ್ಚಿಕೊಂಡಿರುತ್ತದೆ. ಹೊಟ್ಟೆ ಬರಿದಾಗಿದ್ದು ಮಾನಕಷಾಯವು ತುಂಬಿಕೊಂಡರೆ ಆ ಲಂಘನಕ್ಕೆ ತಪಸ್ಸೆಂಬ ಹೆಸರು ಸಲ್ಲದು.

ವ್ರತವನ್ನು ಶಕ್ತಿಗನುಸಾರವಾಗಿ, ಗುರುಹಿರಿಯರ ಸಮ್ಮತಿಯಿಂದ ಕೈಕೊಳ್ಳುತ್ತೇವೆ. ಶಕ್ತಿ ಕುಂದಿದರೆ ಅವರೊಡನೆ ಹೇಳಿಕೊಳ್ಳುವ ದಾರಿಯಿದೆ. ಪಂಥದ ಉಪವಾಸಕ್ಕೆ ಈ ದಾರಿಯಿಲ್ಲ. ತಲೆ ತಿರುಗಿದರೂ, ನಾಲಿಗೆ ಒಣಗಿ ಮಾತು ತೊದಲಿದರೂ ಬಾಲಕನು ಬಾಯಿಬಿಡುವುದಿಲ್ಲ; ಗೆಳೆಯನ ಮುಂದೆ ಸೋಲಬೇಕಾದೀತೆಂಬ ಅಂಜಿಕೆ. ಸಿಹಿಮೂತ್ರರೋಗವುಳ್ಳವರಿಗೆ, ಔಷಧ ಸೇವಿಸುತ್ತಿರುವವರಿಗೆ, ಬೆಳೆಯುವ ವಯಸ್ಸಿನ ಮಕ್ಕಳಿಗೆ ಈ ಮೌನವು ಅಪಾಯಕಾರಿ. ಆದುದರಿಂದ ಮನೆಯಲ್ಲಿ ಮಕ್ಕಳು ಉಪವಾಸ ಮಾಡುವೆವೆಂದಾಗ ತಾಯಿತಂದೆಯರು 'ಎಷ್ಟು ದಿನ?' ಎಂದು ಕೇಳುವ ಮೊದಲು 'ಯಾರೊಡನೆ ಮಾತಾಯಿತು?' ಎಂದು ಮೆಲ್ಲಗೆ ವಿಚಾರಿಸುವುದು ಒಳ್ಳೆಯದು. ಅದರಂತೆ ಅರ್ಧದಲ್ಲಿ ಪಾರಣೆ ಮಾಡಿದ ಮಗುವನ್ನು ನೆರೆಹೊರೆಯವರ ಮುಂದೆ ಹೀನೈಸಲಾಗದು. ಹೀನೈಸಿದರೆ ಆ ಉಪವಾಸವನ್ನು ಪಂಥವಾಗಿ ಮಾಡಿದವರು ನಾವೇ ಆಗುತ್ತೇವೆ.

ಉಪಸಂಹಾರ

ಇದುವರೆಗಿನ ವಿಚಾರದಿಂದ ಗ್ರಹಿಸತಕ್ಕ ಅಂಶಗಳು ಇವು.

1. ದ್ಯೂತತ್ಯಾಗ ಮಾಡಿದವನು ವಿನೋದಕ್ಕೂ ಪಂಥ ಹೂಡಬಾರದು. ಹರ್ಷಾಮರ್ಷಗಳ ಉದಯವೇ ಇದಕ್ಕೆ ಕಾರಣ.

2. ದೇಹವನ್ನೂ ಅನ್ಯಜೀವವನ್ನೂ ವ್ರತವನ್ನೂ ಯಾರೇ ಆಗಲಿ ಪಂಥಕ್ಕೆ ಒಡ್ಡಬಾರದು. ಅಂತಹ ಪಂಥವನ್ನು ಕಂಡವನು ಪ್ರೇಕ್ಷಕನಾಗಿ ನಿಲ್ಲದೆ ತಡೆಯಬೇಕು.

3. ಸೋತ ಮೇಲೆ ಪಣವನ್ನೇರಿಸಿ ಮತ್ತೆ ಆಡೋಣವೆಂಬ ಮಾತು ಗೆದ್ದವನಿಂದ ಬಂದರೂ ಸೋತವನಿಂದ ಬಂದರೂ ಅಲ್ಲಿಯೇ ಎದ್ದುಬಿಡಬೇಕು.

4. ಅಭಿಪ್ರಾಯಭೇದವಿದ್ದಲ್ಲಿ ಪಣವಿಲ್ಲದೆಯೇ ಇಬ್ಬರೂ ತಮ್ಮ ತಮ್ಮ ಮಾತನ್ನು ತಾರೀಖಿನೊಡನೆ ಬರೆದಿಡಬಹುದು. ಕಾಲವು ನಿರ್ಣಯಿಸಿದಾಗ ತಪ್ಪಿದವನು ಒಪ್ಪಿಕೊಳ್ಳಲಿ, ಒಪ್ಪಿದವನನ್ನು ಮತ್ತೊಬ್ಬನು ಗೌರವಿಸಲಿ.

ಈ ನಾಲ್ಕನೆಯ ಮಾತನ್ನು ತರುಣರು ಕೈಕೊಂಡು ನೋಡಲೆಂದು ನಮ್ಮ ಕೋರಿಕೆ. ಜ್ಯೂರಿಕ್‌ನ ಗಣಿತಜ್ಞರ ಪಂಥದಲ್ಲಿಯೂ ಕ್ಯಾಲಿಫೋರ್ನಿಯದ ಕೊಠಡಿಯಲ್ಲಿಯೂ ಸ್ಮರಣೀಯವಾದದ್ದು ಪಣವಲ್ಲ. 'ನಿನ್ನ ಮಾತೇ ಸರಿ' ಎಂದು ಒಬ್ಬನು ಇನ್ನೊಬ್ಬನಿಗೆ ಹೇಳಿದ ಗಳಿಗೆ. ಆ ಮಾತನ್ನು ಹೇಳಲು ಪತ್ರಿಕೆಯ ಚಂದಾ ಬೇಕಿಲ್ಲ, ವಿಶ್ವಕೋಶವೂ ಬೇಕಿಲ್ಲ. ಮಾನವನ್ನು ಸ್ವಲ್ಪ ತಗ್ಗಿಸಿಕೊಂಡರೆ ಸಾಕು.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ವಿನೋದದ ಪಂಥವನ್ನೂ ಆಶಾಧರರು ದೋಷವೆಂದು ಹೇಳಲು ಕಾರಣವೇನು?
2. ಪೋಲ್ಯ ಮತ್ತು ಸೈಮನ್ ಇಬ್ಬರೂ ಗೆದ್ದವರು. ಗೆದ್ದ ಮೇಲೆ ಅವರ ನಡತೆಯಲ್ಲಿದ್ದ ವ್ಯತ್ಯಾಸವನ್ನು ತಿಳಿಸಿರಿ.
3. ಫಲವು ತನ್ನ ಕೈಯಲ್ಲಿರುವ ಪಂಥದಲ್ಲಿ ಯಾವ ಕಷಾಯಕ್ಕೆ ಎಡೆಯಾಗುತ್ತದೆ? ಉದಾಹರಣೆ ಕೊಡಿರಿ.
4. ಪಂಥಕ್ಕಾಗಿ ಮಾಡಿದ ಉಪವಾಸವು ವ್ರತವೇಕಲ್ಲ?